ಪೈಲವಾನ ಅಂಗಾತ ಮಲಗಿದ್ದು

ನಾನು ಮಲಗುವುದು ಅಂಗಾತ. ಕಾಲು ನೆಟ್ಟಗೆ ಚಾಚಿ, ಎರಡೂ ಕೈ ಎದೆಯ ಮೇಲಿಟ್ಟು, ಮೂಗನ್ನು ತೊಲೆಗೆ ಗುರಿಯಿಟ್ಟು ಒಮ್ಮೆ ಕಣ್ಣು ಮುಚ್ಚಿದೆನೆಂದರೆ ಬೆಳಗಿನ ತನಕ ಅತ್ತಿತ್ತ ಹೊರಳುವವಳಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೇನೆಂದು ತಿಳಿಯಬೇಡಿ. ಈ ಅಭ್ಯಾಸದಿಂದ ನನಗಾದ ಫಜೀತಿ ಒಂದೆರಡಲ್ಲ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ನಸುಕಿನಲ್ಲಿ ಎದ್ದು ನನ್ನ ಮೂಗಿನ ಮುಂದೆ ಬೆರಳು ಹಿಡಿದು ನೋಡುತ್ತಿದ್ದರಂತೆ. ಇನ್ನೊಮ್ಮೆ ಮೀರಜದಿಂದ ಕೊಲ್ಹಾಪುರಕ್ಕೆ ಹೋಗುವ ಗಾಡಿಯಲ್ಲಿ, ಬೆಂಚು ಖಾಲಿ ಇದೆಯಲ್ಲ ಎಂದು ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದೆ. ಎಚ್ಚರವಾದಾಗ ಯಾರೋ ಮುದುಕಿ ನನ್ನ ಹೆಬ್ಬೆರಳು ಜಗ್ಗುತ್ತ ಮರಾಠಿಯಲ್ಲಿ, "ಅಗಬಾಈ, ಗೇಲೀ ಕಾಯ ಹೀ?" ಎಂದು ಪಕ್ಕದವರನ್ನು ಕೇಳುತ್ತಿದ್ದಳು. ಹೋದಳೇನು ಇವಳು, ಎಂದು ಅರ್ಥ. ನಾನು ಕಣ್ಣು ತೆರೆದು, "ಇಲ್ಲರಿ, ಹಾತಕಣಂಗಲೆ ಸ್ಟೇಶನ್ ಬರೂತನಕಾ ಇರತೇನಿ" ಎಂದೆ. ಮುದುಕಿ ಚೀರಿದ ಚೀರಿಗೆ ಡಬ್ಬಿಯವರೆಲ್ಲ ಎದ್ದು ನಿಂತರು.

ನನಗೆ ಹೀಗೆ ಮಲಗುವುದನ್ನು ಕಲಿಸಿದ್ದು ಬುಗುಡಿ. ಕಿವಿಯ ಮೇಲಂಚಿಗೆ ಹಾಕುವ ಮುತ್ತಿನ ಒಡವೆ ಅದು. ನೋಡುವವರಿಗೆ ಚಂದ, ಹಾಕಿಕೊಂಡವರಿಗೆ ಶಿಕ್ಷೆ. ಕಿವಿಯ ಕೆಳಗಿನ ಹಾಲೆ ಪಾಪದ್ದು. ಚುಚ್ಚಿದರೆ ಒಮ್ಮೆ ಅತ್ತು ಸುಮ್ಮನಾಗುತ್ತದೆ. ಮೇಲಂಚು ಹಾಗಲ್ಲ. ಅದು ದಾಯಾದಿ ಇದ್ದ ಹಾಗೆ, ತಿಂಗಳುಗಟ್ಟಲೆ ಹಗೆ ಸಾಧಿಸುತ್ತದೆ. ಹಗಲೆಲ್ಲ ತೆಪ್ಪಗಿದ್ದು, ತಲೆ ದಿಂಬಿಗೆ ತಾಗಿದೊಡನೆ ಹಳೆಯ ಲೆಕ್ಕ ತೆಗೆಯುತ್ತದೆ.

ಆದರೆ ಈಗ ಹೇಳಹೊರಟಿರುವುದು ನನ್ನ ಕಿವಿಯ ಕಥೆಯಲ್ಲ. ನನ್ನ ಜೊತೆಗೆ ಅದೇ ದಿನ, ಅದೇ ಪತ್ತಾರನ ಸೂಜಿಗೆ ಕಿವಿಗೊಟ್ಟ ನಮ್ಮ ಭೂಪಾಲ ಕಾಕಾನ ಕಥೆ.

ಭೂಪಾಲ ಕಾಕಾ ನಮ್ಮಪ್ಪನ ತಮ್ಮ. ದೊಡ್ಡ ಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷ ಇದ್ದ ಕಾಲ ಅದು. ಇಚಲಕರಂಜಿಯಲ್ಲಿ ನಮ್ಮ ಮನೆಯ ಹಿತ್ತಲಿಗೆ ಹತ್ತಿಯೇ ಅಪ್ಪನ ಮಾಗದ ಶೆಡ್ಡು. ಅಲ್ಲಿ ಸೀರೆ ನೇಯುವ ಮಾಗಗಳು ಹೊತ್ತು ಹುಟ್ಟಿದಾಗಿನಿಂದ ಖಟಪಟ ಖಟಪಟ ಎನ್ನುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಪಿಸುಮಾತು ಎಂಬುದೇ ಇರಲಿಲ್ಲ. "ಉಪ್ಪು ಹಾಕಲೇನು?" ಎಂದು ಅವ್ವ ಕೇಳಿದರೆ ಬಂದ ಬೀಗರು ಜಗಳ ಹತ್ತಿತೆಂದು ಚಪ್ಪಲಿ ಹುಡುಕುತ್ತಿದ್ದರು. ನಮ್ಮ ದಿಂಬುಗಳೂ ಆ ಶೆಡ್ಡಿನವೇ. ಮಾಗದಲ್ಲಿ ಉಳಿದ ನೂಲಿನ ಚೂರುಗಳನ್ನು ತುಂಬಿ ತುಂಬಿ ಆಯಿ, ಅಂದರೆ ಅಪ್ಪನ ಅವ್ವ, ಹೊಲಿದಿಟ್ಟ ದಿಂಬುಗಳು. ಹೊಸದಾಗಿದ್ದಾಗ ಮೆತ್ತಗೆ, ಒಂದು ಮಳೆಗಾಲ ಕಳೆದರೆ ರುಬ್ಬುವ ಕಲ್ಲಿಗೂ ಅದಕ್ಕೂ ಫರಕು ತಿಳಿಯುತ್ತಿರಲಿಲ್ಲ. ಕಿವಿ ಚುಚ್ಚಿಸಿಕೊಂಡವರು ಇಂಥ ಮನೆಯಲ್ಲಿ ಮಲಗಬೇಕಿತ್ತು ನೋಡಿ.

ಕಾಕಾ ಮಾಗಕ್ಕೆ ಕೈ ಹಚ್ಚಿದವನಲ್ಲ. ಮೀಸೆ ಮೂಡುವ ಮೊದಲೇ ಕೊಲ್ಹಾಪುರದ ಒಂದು ತಾಲೀಮಿಗೆ, ಅಂದರೆ ಗರಡಿಮನೆಗೆ, ಸೇರಿ ಕುಸ್ತಿ ಕಲಿತ. ಆಗಾಗ ಊರಿಗೆ ಬರುತ್ತಿದ್ದ. ಬಂದನೆಂದರೆ ಮನೆಯ ಬಾಗಿಲು ಚಿಕ್ಕದಾಗುತ್ತಿತ್ತು. ಹೊಸ್ತಿಲು ದಾಟುವಾಗ ಅಡ್ಡಡ್ಡ ತಿರುಗಿ ಒಳಗೆ ಬರುತ್ತಿದ್ದ. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಮಾಂಸ ಮೊಟ್ಟೆ ಮೊದಲೇ ಇಲ್ಲ, ಹೀಗಾಗಿ ಆ ದೇಹವೆಲ್ಲ ಹಾಲು, ತುಪ್ಪ, ಬಾದಾಮಿ, ಜೋಳದ ರೊಟ್ಟಿಯಿಂದಲೇ ಕಟ್ಟಿದ್ದು. ಕೂಡುವ ಮುಂಚೆ ಬಗ್ಗಿ, ನೆಲದ ಮೇಲೆ ಇರುವೆ ಇದೆಯೇ ಎಂದು ನೋಡಿ, ಉಫ್ ಎಂದು ಊದಿ ಕೂಡುತ್ತಿದ್ದ. ತಾನು ಕೂತ ಮೇಲೆ ಇರುವೆಯ ಗತಿ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎಚ್ಚರವಿದ್ದಾಗ ಇಷ್ಟು ಸಾಧುವಾಗಿದ್ದ ಮನುಷ್ಯ ನಿದ್ದೆಯಲ್ಲಿ ಮಾತ್ರ ಪ್ರಚಂಡ. ಬೋರಲು ಬೀಳುತ್ತಿದ್ದ, ಮಗ್ಗುಲಿಗೆ ಹೊರಳುತ್ತಿದ್ದ, ಅಲ್ಲಿಂದ ಉರುಳಿ ಇನ್ನೊಂದು ಗೋಡೆಗೆ ಹೋಗಿ ತಾಗುತ್ತಿದ್ದ. ಒಮ್ಮೆ ಪಡಸಾಲೆಯಲ್ಲಿ ಜೋಳದ ಚೀಲದ ಪಕ್ಕ ಮಲಗಿದ್ದವನು ನಿದ್ದೆಯಲ್ಲೇ ಅದರ ಕುತ್ತಿಗೆಗೆ ಪಟ್ಟು ಹಾಕಿ ಎತ್ತಿ ಒಗೆದ. ಬೆಳಿಗ್ಗೆ ಆಯಿ ಅಂಗಳದ ತನಕ ಚೆಲ್ಲಿದ್ದ ಜೋಳ ಬಳಿಯುತ್ತ, "ಭೂಪಾ, ಇದು ಯಾವ ಊರಿನ ಪೈಲವಾನಪಾ?" ಎಂದು ಕೇಳಿದಳು. ಅಂದಿನಿಂದ ಕಾಕಾನ ಪಕ್ಕದಲ್ಲಿ ಮನುಷ್ಯರಿರಲಿ, ಬೆಕ್ಕು ಕೂಡ ಮಲಗಲಿಲ್ಲ.

ಎಷ್ಟು ಉರುಳಿದರೂ ಅಂಗಾತ ಮಾತ್ರ ಅವನು ಎಂದೂ ಮಲಗುತ್ತಿರಲಿಲ್ಲ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದವನು ಸೋತವನು. ಅದಕ್ಕೆ ಚಿತ್ ಎನ್ನುತ್ತಾರೆ. "ಪೈಲವಾನ ಚಿತ್ ಆಗಿ ಮಲಗಿದ್ರ ಅವನ ನಸೀಬೂ ಚಿತ್ ಆಗತೈತಿ" ಎಂದು ಕಾಕಾ ಹೇಳುತ್ತಿದ್ದ. ಇದನ್ನು ಅವನ ತಾಲೀಮಿನ ಗುರು ವಸ್ತಾದ ಕಲಿಸಿದ್ದನೋ ಅವನೇ ಹುಟ್ಟಿಸಿಕೊಂಡಿದ್ದನೋ ದೇವರಿಗೆ ಗೊತ್ತು.

ಇಂಥವನಿಗೆ ಗಡಹಿಂಗ್ಲಜದ ಹುಡುಗಿ ನೋಡಿದರು. ಹೆಸರು ಸುಮತಿ. ತಂದೆ ತಾಯಿ ಇಲ್ಲದ ಹುಡುಗಿ. ಅಜ್ಜಿ ಅಕ್ಕುಬಾಯಿ ಸಾಕಿದ್ದಳು. ಮೆಣಸಿನಕಾಯಿ ವ್ಯಾಪಾರದ ಮನೆ. ಹೊಸ್ತಿಲಲ್ಲಿ ಕಾಲಿಟ್ಟರೆ ಸೀನು, ಒಳಗೆ ಹೋದರೆ ಕಣ್ಣೀರು. ಹೀಗಾಗಿ ಹುಡುಗಿ ನೋಡಲು ಹೋದ ನಾವೆಲ್ಲರೂ ಅಳುತ್ತಲೇ ಕೂತಿದ್ದೆವು. ಸುಮತಿ ಅವಲಕ್ಕಿಯ ತಾಟು ತಂದಿಟ್ಟು, ಆಯಿಯ ಪಕ್ಕ ಕೂತಿದ್ದ ನನ್ನ ಕಡೆ ಬಗ್ಗಿ, "ನಿಮ್ಮ ಕಾಕಾನ ಕಿವಿಗೆ ಏನಾಗೇತಿ?" ಎಂದು ಪಿಸುಗುಟ್ಟಿದಳು. ಕುಸ್ತಿಯವರ ಕಿವಿ ತಿಕ್ಕಿ ತಿಕ್ಕಿ ಮುರಿದು ಹೂಕೋಸಿನ ಹಾಗೆ ಗಂಟುಗಟ್ಟುತ್ತದಲ್ಲ, ಅದನ್ನು ಅವಳು ನೋಡಿರಲಿಲ್ಲ. ಪಿಸುಮಾತು ಗೊತ್ತಿಲ್ಲದ ಮನೆಯವಳು ನಾನು. "ಕಾಕಾ, ನಿನ್ನ ಕಿವಿಗೆ ಏನಾಗೇತಂತ ಕೇಳಾಕತ್ತಾಳ!" ಎಂದು ಸಾರಿಬಿಟ್ಟೆ. ಕಾಕಾ ನೆಲ ನೋಡುತ್ತ, "ಕುಸ್ತ್ಯಾಗ ಮುರದಾವ್ರಿ" ಎಂದ. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಕೇಳಿದಳು, "ನೋಯತಾವೇನ್ರಿ?"

ಕಾಕಾ ಎರಡೂ ಕಿವಿ ಮುಟ್ಟಿ ನೋಡಿಕೊಂಡ. ಆ ಕಿವಿಗಳನ್ನು ನೋಡಿ ಭಲೆ ಎಂದವರಿದ್ದರು, ಹೆದರಿದವರಿದ್ದರು. ನೋಯುತ್ತವೇನು ಎಂದು ಕೇಳಿದವರಿರಲಿಲ್ಲ. ಮರಳುವ ಮೋಟಾರಿನಲ್ಲಿ ಆಯಿ, "ಹುಡುಗಿ ಹೆಂಗ ಅನಸಿತು?" ಎಂದರೆ, "ಛಲೋ ಅದಾಳ" ಎಂದಷ್ಟೇ ಹೇಳಿ ನಿಪ್ಪಾಣಿ ಬರುವ ತನಕ ಕಿಡಕಿಯ ಹೊರಗೆ ನೋಡುತ್ತ ಕೂತ.

ಅಕ್ಕುಬಾಯಿ ಹಾಕಿದ್ದು ಒಂದೇ ಶರತ್ತು. ಅವಳ ತೀರಿಹೋದ ಗಂಡನ ಒಂಟಿ ಒಂದು ಜೊತೆ ಇದ್ದವು. ಗಂಡಸರು ಕಿವಿಯ ಹಾಲೆಗೆ ಹಾಕಿಕೊಳ್ಳುವ ಬಂಗಾರದ ಒಂಟಿ, ಒಳ್ಳೇ ತೂಕದವು. ಮೊಮ್ಮಗಳ ಗಂಡ ಅವನ್ನು ಹಾಕಿಕೊಂಡು ಅಕ್ಷತೆಗೆ ನಿಲ್ಲಬೇಕು. ಕಾಕಾನಿಗೂ ಸಣ್ಣವನಿದ್ದಾಗ ಕಿವಿ ಚುಚ್ಚಿದ್ದರು. ಆದರೆ ತಾಲೀಮಿಗೆ ಸೇರಿದ ದಿನ, ಯಾರಾದರೂ ಜಗ್ಗಿ ಹರಿದಾರೆಂದು ಮುರುವು ತೆಗೆಸಿದ್ದರಿಂದ ತೂತು ಎಂದೋ ಮುಚ್ಚಿಹೋಗಿದ್ದವು. "ಮತ್ತ ಚುಚ್ಚಸಿದ್ರ ಆತು, ಅದೇನು ದೊಡ್ಡದು!" ಎಂದ ಕಾಕಾ. ಹುಡುಗಿ ನೋಡಿದ ಮೇಲೆ ಅವನಿಗೆ ಯಾವುದೂ ದೊಡ್ಡದಾಗಿ ಕಾಣುತ್ತಿರಲಿಲ್ಲ.

ಬಂಗಾರದ ಕೆಲಸದ ಪತ್ತಾರ ಕಾಳಪ್ಪ ತನ್ನ ಡಬ್ಬಿ ಹಿಡಿದುಕೊಂಡು ಬಂದ. ಪತ್ತಾರ ಹೇಗೂ ಬರುತ್ತಾನಲ್ಲ, ನನ್ನ ಬುಗುಡಿಯ ತೂತೂ ಆಗಿಹೋಗಲಿ ಎಂದು ಆಯಿ ಠರಾಯಿಸಿದಳು. ನಾನು ಸುದ್ದಿ ತಿಳಿದು ಶೆಡ್ಡಿನಲ್ಲಿ ನೂಲಿನ ಗಂಟುಗಳ ಹಿಂದೆ ಅಡಗಿದ್ದೆ. ಎಳೆದುಕೊಂಡು ಬಂದರು. ನಾನು ಊರು ಕೇಳುವಂತೆ ಅಳುವುದನ್ನು ನೋಡಿ ಕಾಕಾ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, "ಪದ್ಮಿ, ನೋಡಿಲ್ಲಿ, ಮೊದಲು ನಾ ಚುಚ್ಚಿಸಿಕೋತೇನಿ. ಇರಿವಿ ಕಡದಂಗ ಇರತೈತಿ, ಅಷ್ಟ" ಎಂದು ಮಣೆಯ ಮೇಲೆ ಕೂತ.

ಕಾಳಪ್ಪ ಹಾಲೆಗೆ ಮಸಿ ಬೊಟ್ಟಿಟ್ಟ. ಸೂಜಿಯನ್ನು ದೀಪಕ್ಕೆ ಹಿಡಿದ. ಕಾಕಾ ಸೂಜಿ ನೋಡಿದ. ಅಷ್ಟೇ. ನಗುತ್ತಿದ್ದ ಮುಖ ಸುಣ್ಣದ ಗೋಡೆಯಂತಾಯಿತು. ಹಣೆಯ ಮೇಲೆ ಬೆವರು ಮೂಡಿತು. "ಕಾಳಪ್ಪಾ, ತಡೀ..." ಎನ್ನುತ್ತಲೇ ಆ ಪರ್ವತ ನಿಧಾನವಾಗಿ ವಾಲಿ ನೆಲಕ್ಕೆ ಬಂತು. ಆದರೆ ಒಂದು ಮಾತು ಹೇಳಬೇಕು; ಸ್ಮೃತಿ ತಪ್ಪುವಾಗಲೂ ಮಗ್ಗುಲಿಗೇ ತಿರುಗಿ ಬಿದ್ದ, ಬೆನ್ನು ಮಾತ್ರ ನೆಲಕ್ಕೆ ಹತ್ತಗೊಡಲಿಲ್ಲ. ಕಾಳಪ್ಪ ವ್ಯವಹಾರಸ್ಥ. "ಹಿಂಗ ಮಲಗಿದ್ದಽ ಛಲೋ ಆತು" ಎಂದು ಮೇಲಿದ್ದ ಎಡಗಿವಿ ಚುಚ್ಚಿ ತಂತಿ ಏರಿಸಿ, ನಾಲ್ಕು ಜನರಿಂದ ಹೊರಳಿಸಿ, ಬಲಗಿವಿಯನ್ನೂ ಮುಗಿಸಿಬಿಟ್ಟ. ಕಾಕಾ ಕಣ್ಣು ತೆರೆದು, "ಹಾಂ, ಚುಚ್ಚಪಾ ಇನ್ನ" ಎಂದಾಗ ಮನೆಯೆಲ್ಲ ನಕ್ಕಿತು. ಆ ನಗುವಿನ ನಡುವೆ ನಾನೂ ಅಳು ಮರೆತೆ; ಮರೆತ ಗಳಿಗೆ ನೋಡಿ ಕಾಳಪ್ಪ ನನ್ನ ಮೇಲಂಚಿಗೆ ಸೂಜಿ ಇಳಿಸಿದ. ಇರುವೆ ಕಡಿದ ಹಾಗಂತೆ! ಆ ಜಾತಿಯ ಇರುವೆ ಯಾವ ದೇಶದಲ್ಲಿದೆ ಎಂದು ನಾನಿನ್ನೂ ಹುಡುಕುತ್ತಿದ್ದೇನೆ.

ಚುಚ್ಚಿಸಿಕೊಳ್ಳುವುದು ಒಂದು ಗಳಿಗೆಯ ಕಷ್ಟ. ನಿಜವಾದ ಕಷ್ಟ ಮಲಗುವುದು. ಆಯಿ ನಮ್ಮಿಬ್ಬರನ್ನು ಮನೆಯ ರೋಗಿಗಳೆಂದು ಸಾರಿ ಪಡಸಾಲೆಯಲ್ಲಿ ಎರಡು ಹಾಸಿಗೆ ಹಾಕಿಸಿದಳು, ನಡುವೆ, ತಲೆಯ ಕಡೆ ಮಾತ್ರ ತೆರೆದಿಟ್ಟು, ಜೋಳದ ಎರಡು ಚೀಲಗಳ ಗೋಡೆ. ಕಲ್ಲಿನ ದಿಂಬುಗಳನ್ನು ಒಳಗೆ ಇಟ್ಟಳು. ಬಾವಿಗೆ ಹೋಗುವಾಗ ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬಿ ಇರುತ್ತದಲ್ಲ, ಬಟ್ಟೆಯ ದುಂಡು ಸುರುಳಿ, ಹಳೆಯ ಸೀರೆಯಲ್ಲಿ ಹೊಸ ಸಿಂಬಿ ಸುತ್ತಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಳು. "ತಲಿ ಹಿಂದಿನ ಬುರುಡಿ ಇದರಾಗ ಇಡರಿ. ಅಂಗಾತ ಮಲಗರಿ. ತೀರಾ ಬ್ಯಾಸರಾದ್ರ ಕಿವಿ ನಡಕಿನ ತೂತಿನಾಗ ಬರೂಹಂಗ ಹೊಳ್ಳರಿ. ಕಿವಿಗೆ ಏನೂ ತಾಕಬಾರದು." ಮುಂಜಾನೆ ಸಂಜೆ ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚುವಳು. ಹಚ್ಚುವಾಗ ನಾವಿಬ್ಬರೂ ಸಾಲಾಗಿ ಕೂತು, ಯಾರು ಮೊದಲು "ಹಾ" ಎನ್ನುತ್ತಾರೋ ಅವರು ಸೋತಂತೆ ಎಂದು ಪಂಥ ಕಟ್ಟುತ್ತಿದ್ದೆವು. ದಿನಾ ನಾನೇ ಗೆಲ್ಲುತ್ತಿದ್ದೆ.

ನಾನು ಸಣ್ಣವಳು, ಹೇಳಿದಂತೆ ಅಂಗಾತ ಮಲಗಿದೆ. ಕಾಕಾ ಒಪ್ಪಲಿಲ್ಲ.

"ಆಯಿ, ಬ್ಯಾರೇ ಏನರೆ ಹೇಳು. ಚಿತ್ ಆಗಿ ಮಲಗೂದು ನನ್ನ ಕಡಿಂದ ಆಗೂದಿಲ್ಲ."

"ಇಲ್ಲಿ ಯಾರು ಕುಸ್ತಿ ಬಿಟ್ಟಾರಪಾ? ಇದು ಚಾಪಿ, ಮಣ್ಣಲ್ಲ."

"ಬೆನ್ನಿಗೆ ಅದೆಲ್ಲಾ ತಿಳೀತೈತೇನು?"

ಅವನು ಬೇರೆ ಬೇರೆ ಪ್ರಯೋಗ ಮಾಡಿದ. ಬೋರಲು ಮಲಗಿ ಸಿಂಬಿಯ ತೂತಿನಲ್ಲಿ ಮೂಗಿಟ್ಟ. ಉಸಿರು ಕಟ್ಟಿ ಎದ್ದಾಗ ಮುಖದ ಸುತ್ತ ಸೀರೆಯ ಅಂಚಿನ ಗುರುತು ಮೂಡಿ, ಕೊಡದ ಬುಡದ ಹಾಗೆ ಕಾಣುತ್ತಿದ್ದ. ಕಂಬಕ್ಕೊರಗಿ ಕೂತು ಮಲಗಿ ನೋಡಿದ. ಬೆಳಿಗ್ಗೆ ನೋಡಿದರೆ ಕಂಬ ಅಲ್ಲೇ ಇತ್ತು, ಕಾಕಾ ಇರಲಿಲ್ಲ, ಬಾಗಿಲ ಹತ್ತಿರ ಬಲಗಿವಿಯನ್ನು ನೆಲಕ್ಕೊತ್ತಿ ಗೊರಕೆ ಹೊಡೆಯುತ್ತಿದ್ದ. ಹೀಗೆ ನಾಲ್ಕು ದಿನ ನಡೆಯುವಷ್ಟರಲ್ಲಿ ಬಲಗಿವಿಯ ಹಾಲೆ ಊದಿ ಗುಂಡು ಬದನೆಕಾಯಿಯಾಯಿತು. ಕೀವು ತುಂಬಿ ತಂತಿ ಕಾಣದಾಯಿತು. ಮೈ ಬೆಚ್ಚಗಾಯಿತು.

ಆಯಿ ಕಾಳಪ್ಪನನ್ನು ಕರೆಸಿದಳು. ಅವನು ನೋಡಿ ತಲೆಯಾಡಿಸಿದ. "ಇನ್ನೊಮ್ಮೆ ಈ ಕಿವಿ ಮ್ಯಾಲ ಭಾರ ಹಾಕಿದ್ರಿ ಅಂದ್ರ ತಂತಿ ತಗೀಬೇಕಾಗತೈತಿ, ಪೈಲವಾನ್ರ. ತೂತು ಮುಚ್ಚತೈತಿ. ಮತ್ತ ಲಗ್ನಕ್ಕ ಒಂಟಿ ಹಾಕೂದನ್ನ ಮರತುಬಿಡರಿ."

ಲಗ್ನ ದೂರವಿರಲಿಲ್ಲ. ಆ ಮಧ್ಯಾಹ್ನ ಕಾಕಾ ಊಟ ಬಿಟ್ಟ. ಅವನು ಊಟ ಬಿಡುವುದೆಂದರೆ ನಮ್ಮೂರಲ್ಲಿ ಹೊಳೆ ಬತ್ತಿದ ಹಾಗೆ. ಅವ್ವ ಹೆದರಿ ಅಪ್ಪನಿಗೆ ಹೇಳಿಕಳಿಸಿದಳು. ಕಾಕಾ ಪಡಸಾಲೆಯಲ್ಲಿ ಮೊಣಕಾಲಿಗೆ ಕೈ ಕಟ್ಟಿ ಕೂತಿದ್ದ. ನಾನು ನನ್ನ ಹಾಸಿಗೆಯ ಮೇಲೆ ಅಂಗಾತ ಬಿದ್ದುಕೊಂಡಿದ್ದೆ.

"ಕಾಕಾ, ನೀ ಯಾಕ ಮಲಗವೊಲ್ಲಿ? ಖರೇ ಹೇಳು."

ಕಾಕಾ ತನ್ನ ಮೊಣಕಾಲು ನೋಡುತ್ತ ಹೇಳಿದ. ಅವನು ಮೊಟ್ಟಮೊದಲು ಮೈದಾನದಲ್ಲಿ ಹಿಡಿದ ಕುಸ್ತಿಯಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚಿತ್ ಆಗಿದ್ದನಂತೆ. "ಬೆನ್ನಿಗೆ ಮಣ್ಣು ತಣ್ಣಗ ಹತ್ತಿತು, ಪದ್ಮಿ. ಕಣ್ಣು ತಗದ್ರ ಮ್ಯಾಲ ಆಕಾಶ, ಸುತ್ತಲೂ ಮಾರಿ. ಎಲ್ಲಾ ಮಾರಿ ನಗಾಕತ್ತಿದ್ವು. ಈಗ ಅಂಗಾತ ಮಲಗಿದ್ರ ಸಾಕು, ಆ ಮಾರಿ ಎಲ್ಲಾ ಬಂದು ನಿಂದರತಾವ." ಹೇಳುವಾಗ ಅವನ ದನಿ ಸಣ್ಣದಾಗಿತ್ತು. ಹಿತ್ತಲ ಮಾಗಗಳ ಸದ್ದಿನಲ್ಲಿ ಅರ್ಧ ನನಗೆ ಕೇಳಲೇ ಇಲ್ಲ.

ಅಂಗಾತ ಮಲಗಿದರೆ ಏನು ಕಾಣುತ್ತದೆಂಬ ವಿಷಯದಲ್ಲಿ ಆ ಮನೆಯಲ್ಲಿ ನನಗಿಂತ ತಿಳಿದವರು ಯಾರೂ ಇರಲಿಲ್ಲ.

"ನನಗ ಮಾರಿ ಕಾಣೂದಿಲ್ಲಪಾ. ಗುಬ್ಬಿ ಕಾಣತೈತಿ."

"ಎಲ್ಲೇತಿ?"

"ಕೂತ್ರ ಕಾಣೂದಿಲ್ಲ. ಮೂರನೇ ತೊಲಿ ಸಂದ್ಯಾಗ ಗೂಡು ಕಟ್ಟಾಕತ್ತೈತಿ. ಅಪ್ಪನ ಶೆಡ್ಡಿನಿಂದ ನೂಲು ಕದ್ದು ತರತೈತಿ. ಕೆಂಪು ನೂಲು ಒಗದುಬಿಡತೈತಿ, ಬಿಳೀದು ಇಟಗೋತೈತಿ."

"ಹೋಗ, ಸುಳ್ಳ."

"ಮಲಗಿ ನೋಡು ಬೇಕಾದ್ರ."

ಕಾಕಾ ನನ್ನನ್ನು ನೋಡಿದ, ತೊಲೆ ನೋಡಿದ. ಮೊಣಕೈ ಊರಿ, ಬೆನ್ನನ್ನು ಬೆರಳು ಬೆರಳಾಗಿ ಇಳಿಸುತ್ತ, ತಣ್ಣೀರಿಗಿಳಿಯುವವರ ಹಾಗೆ ಹಲ್ಲು ಕಚ್ಚಿ ಮಲಗಿದ. ಸಿಂಬಿಯಲ್ಲಿ ತಲೆ ಇಟ್ಟ. ಗುಬ್ಬಿ ಆಗಲೇ ಬಂತು, ಬಾಯಲ್ಲಿ ಕೆಂಪು ನೂಲು. ಗೂಡಿನ ತನಕ ಹೋಗಿ ಏನನ್ನಿಸಿತೋ, ಅದನ್ನು ಬಿಟ್ಟುಬಿಟ್ಟಿತು. ನೂಲು ಗಾಳಿಯಲ್ಲಿ ತಿರುಗುತ್ತ ಬಂದು ಕಾಕಾನ ಮೀಸೆಯ ಮೇಲೆ ಕೂತಿತು.

"ಖರೇನ ಐತಲ್ಲಲೇ!" ಎಂದ ಕಾಕಾ. ನಾನು ಹಲ್ಲಿಯ ಮನೆ ತೋರಿಸಿದೆ, ಮಳೆ ಸೋರಿ ಗೋಡೆಯ ಮೇಲೆ ಮೂಡಿದ ಎಮ್ಮೆ ತೋರಿಸಿದೆ. ಅವನು ಅದು ಎಮ್ಮೆಯಲ್ಲ, ತಮ್ಮ ವಸ್ತಾದನೆಂದ. ಅದರ ಹಿಂದೆಯೇ ಎಮ್ಮೆಯದೊಂದು ಕರುವಿತ್ತು. ಅದು ಯಾರೆಂದು ಕೇಳಿದರೆ ಉತ್ತರ ಬರಲಿಲ್ಲ. ಹೊರಳಿ ನೋಡಲು ನನಗೆ ಕಿವಿಯ ಭಯ. ಕಷ್ಟಪಟ್ಟು ಕಣ್ಣನ್ನಷ್ಟೇ ಹೊರಳಿಸಿದೆ. ಪೈಲವಾನ ಭೂಪಾಲ ಅಂಗಾತ ನಿದ್ದೆ ಹೋಗಿದ್ದ, ಮೀಸೆಯ ಮೇಲಿನ ನೂಲು ಉಸಿರಿಗೆ ಏರಿಳಿಯುತ್ತಿತ್ತು.

ಆಯಿ ಬಂದು ನೋಡಿ ಬಾಯಿಯ ಮೇಲೆ ಸೆರಗಿಟ್ಟುಕೊಂಡಳು. ಅಪ್ಪ ಶೆಡ್ಡಿನಿಂದ ಬಂದು, "ಗಲಾಟೆ ಆಗತೈತಿ, ಮಾಗ ನಿಂದರಸಲೇನು?" ಎಂದ. "ಹುಚ್ಚಾ, ಮಾಗ ನಿಂತ್ರ ಈ ಮನ್ಯಾಗ ಎಲ್ಲಾರಿಗೂ ಎಚ್ಚರ ಆಗತೈತಿ, ನಡಸು" ಎಂದಳು ಆಯಿ.

ಅಂದಿನಿಂದ ಕಾಕಾ ಗುಬ್ಬಿ ನೋಡುವ ನೆಪದಲ್ಲಿ ಅಂಗಾತ ಮಲಗಿದ. ಊತ ಇಳಿಯತೊಡಗಿತು. ಅಷ್ಟರಲ್ಲಿ ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಗಡಹಿಂಗ್ಲಜದ ಮೋಟಾರಿನಿಂದಿಳಿದು ಅಕ್ಕುಬಾಯಿ ಮನೆಗೆ ಬಂದಳು. ಕೈಯಲ್ಲಿ ಖಾರಪುಡಿಯ ಡಬ್ಬಿ. ಸೆರಗಿನ ಗಂಟಿನಲ್ಲಿ ಏನೋ ಭಾರ. ಆಯಿ, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಪಡಸಾಲೆಯಲ್ಲಿ ಸಿಂಬಿಯಲ್ಲಿ ತಲೆಯಿಟ್ಟ ಇಬ್ಬರು ರೋಗಿಗಳು. ಒಬ್ಬ ಗಾಢ ನಿದ್ದೆಯಲ್ಲಿ, ಇನ್ನೊಬ್ಬಳು ಎಚ್ಚರ.

ಅಕ್ಕುಬಾಯಿ ನನ್ನ ಹತ್ತಿರ ಕೂತು ಕೇಳಿದಳು, "ಕೂಸ, ಇವ ದಿನಾ ಹಿಂಗಽ ಮಲಗತಾನೇನ? ಸೊಲ್ಲಿಲ್ಲ, ಹೊಳ್ಳಾಟಿಲ್ಲ?"

ಸುಳ್ಳು ಹೇಳಬಾರದೆಂದು ಬಸದಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಎಲ್ಲವನ್ನೂ ಹೇಳಿದೆ. ಜೋಳದ ಚೀಲ, ಸೂಜಿ ನೋಡಿ ಬಿದ್ದದ್ದು, ಬದನೆಕಾಯಿ, ಕೀವು, ಗುಬ್ಬಿ. ನಮ್ಮ ಮನೆಯ ದನಿಯಲ್ಲೇ ಹೇಳಿದೆ. ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲಿ ಓಡಿಬಂದ ಆಯಿ ಅಕ್ಕುಬಾಯಿಯ ಬೆನ್ನ ಹಿಂದೆ ನಿಂತು ಬಾಯಿ ಮುಚ್ಚು ಬಾಯಿ ಮುಚ್ಚು ಎಂದು ಸನ್ನೆ ಮಾಡುತ್ತಿದ್ದಳು. ಅದನ್ನೂ ಹೇಳಿದೆ: "ಆಯಿ ಸುಮ್ಮನಿರು ಅಂತಾಳ, ಅದಕ್ಕ ಇನ್ನ ಹೇಳೂದಿಲ್ಲ."

ಅಕ್ಕುಬಾಯಿ ತಿರುಗಿ ಆಯಿಯನ್ನು ನೋಡಿದಳು. ಆಯಿಯ ಮುಖ ಕೈಯಲ್ಲಿನ ಹಿಟ್ಟಿಗಿಂತ ಬೆಳ್ಳಗಾಗಿತ್ತು. ಮುದುಕಿ ಸೆರಗಿನ ಗಂಟು ಬಿಚ್ಚಿ ಒಂಟಿಗಳನ್ನು ತೆಗೆದಳು. ಒಂದನ್ನು ಅಂಗೈಯಲ್ಲಿಟ್ಟು, ಮಲಗಿದ್ದ ಕಾಕಾನ ಬಲಗಿವಿಯ ಹತ್ತಿರ ಹಿಡಿದು ತೂಗಿ ನೋಡಿದಳು. ಕೆಂಪಗಿನ ಹಾಲೆ, ಒಣಗುತ್ತಿದ್ದ ಗಾಯ. ನಿಟ್ಟುಸಿರು ಬಿಟ್ಟು ಅದನ್ನು ಮತ್ತೆ ಗಂಟಿಗೆ ಹಾಕಿದಳು.

"ಈ ಕಿವಿಗೆ ಈಗ ಇಷ್ಟು ವಜ್ಜಿ ಹಾಕಿದ್ರ ಹರದಹೋಗತೈತಿ."

"ಅಕ್ಕುಬಾಯಿ, ಹುಡುಗನ ಮನಸ್ಸು..." ಎಂದು ಆಯಿ ಶುರುಮಾಡಿದಳು.

"ತಡೀರಿ ಬೀಗತಿ. ಲಗ್ನದಾಗ ಎ‌ಡಗಿವಿಗೆ ಒಂದು ಹಾಕೋಣು. ಇದು ಮಾಯ್ದಮ್ಯಾಲ ಇನ್ನೊಂದು." ಅವಳ ಕಣ್ಣಿನ ಸುತ್ತ ನೆರಿಗೆ ಕೂಡಿದವು. "ಹೆಸರಽ ಒಂಟಿ ಐತಿ. ಒಂದಿದ್ರ ಯಾರು ಏನು ಅಂತಾರ?"

ಆಯಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಖಾರಪುಡಿಯ ಡಬ್ಬಿಯ ಮುಚ್ಚಳವೂ ಸಡಿಲವಿತ್ತು.

ಕಾಕಾ ಒಂದೇ ಒಂಟಿ ಹಾಕಿಕೊಂಡು ಗಡಹಿಂಗ್ಲಜದಲ್ಲಿ ಅಕ್ಷತೆಗೆ ನಿಂತ. ಸುಮತಿ ಕಾಕು ನಮ್ಮ ಮನೆಗೆ ಬಂದಳು. ಬಂದವಳೇ ಬಲಗಿವಿಯ ಎಣ್ಣೆ ಅರಿಷಿಣದ ಕೆಲಸವನ್ನು ಆಯಿಯ ಕೈಯಿಂದ ತೆಗೆದುಕೊಂಡಳು. ಮಲಗಿದವನು ನಿದ್ದೆಯಲ್ಲಿ ಮಗ್ಗುಲಿಗೆ ತಿರುಗಲು ಹೊರಟರೆ ಎಬ್ಬಿಸಬೇಕು. ಗಂಡನ ಹೆಸರು ಹೇಳುವಂತಿಲ್ಲ, ಆ ದೇಹವನ್ನು ನೂಕಿದರೆ ಅಲುಗುವುದಿಲ್ಲ. ಅವಳು ಒಂದೇ ಮಾತು ಹಿಡಿದಳು: "ಕಿವಿ!" ಅಷ್ಟೇ. ಕಾಕಾ ನಿದ್ದೆಯಲ್ಲೇ ಸಿಪಾಯಿಯ ಹಾಗೆ ಅಂಗಾತವಾಗುತ್ತಿದ್ದ. ದಿನ ಕಳೆದಂತೆ ಅದು ಎಷ್ಟು ಪಕ್ಕಾ ಆಯಿತೆಂದರೆ, ಮಧ್ಯಾಹ್ನ ಗೋಡೆಗೊರಗಿ ತೂಕಡಿಸುತ್ತಿದ್ದಾಗ ಕಾಕು ನನಗೆ, "ಪದ್ಮಿ, ಕಿವಿ ತೊಳಕೊಂಡೇನ?" ಎಂದರೂ ಸಾಕು, ಮನುಷ್ಯ ಧಡ್ ಎಂದು ಮಲಗಿಬಿಡುತ್ತಿದ್ದ. ಕಿವಿ ಮಾಯ್ದು ಎರಡನೆಯ ಒಂಟಿ ಏರಿದ ಮೇಲೂ ಈ ಚಟ ಹೋಗಲಿಲ್ಲ.

ಮರುವರ್ಷ ಸುಗ್ಗಿ ಮುಗಿದ ಮೇಲೆ ಗಡಹಿಂಗ್ಲಜದಲ್ಲಿ ಕುಸ್ತಿ ಇಟ್ಟರು. ಅಳಿಯ ಅಲ್ಲಿ ಹಿಡಿಯುವ ಮೊದಲ ಕುಸ್ತಿ. ಮೈದಾನ ಅಕ್ಕುಬಾಯಿಯ ಮನೆಯ ಹಿಂದೆಯೇ ಇದ್ದದ್ದರಿಂದ ಹೆಂಗಸರೆಲ್ಲ ಮಾಳಿಗೆ ಏರಿದ್ದೆವು. ಒಂಟಿಗಳನ್ನು ಬಿಚ್ಚಿ ಕಾಕುವಿನ ಸೆರಗಿನಲ್ಲಿ ಕಟ್ಟಿ ಕಾಕಾ ಕೆಳಗೆ ಹೋದ. ಎದುರಿಗೆ ಬಂದವನು ಸಾಂಗಲಿ ಕಡೆಯ ಗಟ್ಟಿ ಆಳು. ಬಹಳ ಹೊತ್ತು ಇಬ್ಬರೂ ಬಿಡಲಿಲ್ಲ. ಕೊನೆಗೆ ಕಾಕಾ ಅವನ ಸೊಂಟ ಹಿಡಿದು ಎತ್ತಿದ. ಮಂದಿ ಎದ್ದು ನಿಂತರು. ಎತ್ತಿಸಿಕೊಂಡವನು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಬಲಗಿವಿ.

ನನ್ನ ಪಕ್ಕದಲ್ಲಿದ್ದ ಕಾಕು, ಹೊಸ ಸೊಸೆ, ತವರೂರು, ಸಾವಿರ ಜನ, ಎಲ್ಲ ಮರೆತು ಚೀರಿದಳು: "ಕಿವೀ!"

ನಮ್ಮ ಮನೆಗೆ ಬಂದು ವರ್ಷವಾಗಿತ್ತಲ್ಲ, ದನಿ ಪಳಗಿತ್ತು. ಇಡೀ ಮೈದಾನಕ್ಕೆ ಕೇಳಿತು. ಕಾಕಾ ಎತ್ತಿದ್ದವನನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ತಾನೇ ತಾನಾಗಿ, ಅಚ್ಚುಕಟ್ಟಾಗಿ, ಅಂಗಾತ ಮಲಗಿದ.

ಸಾಂಗಲಿಯವನಿಗೂ ಏನಾಯಿತೆಂದು ತಿಳಿಯಲಿಲ್ಲ. ಆದರೂ ಎದೆಯ ಮೇಲೆ ಕೂತು ಗೆದ್ದ. ಮಂದಿಯಲ್ಲಿ ಯಾರೋ "ಬಾಯಕೋನ ಆವಾಜಕ್ಕ ಚಿತ್!", ಹೆಂಡತಿಯ ದನಿಗೇ ಬಿದ್ದ, ಎಂದು ಕೂಗಿದರು. ಮೈದಾನವೇ ಬಿದ್ದು ಬಿದ್ದು ನಕ್ಕಿತು. ಕಾಕು ಬಾಯಿಗೆ ಕೈ ಒತ್ತಿಕೊಂಡು ಮೆಟ್ಟಿಲಿಳಿದು ಓಡಿದಳು. ನಾನು ಕಾಕಾನನ್ನೇ ನೋಡುತ್ತಿದ್ದೆ. ಅವನ ಬೆನ್ನಿಗೆ ಕೆಂಪು ಮಣ್ಣು, ಮೇಲೆ ಆಕಾಶ, ಸುತ್ತಲೂ ನಗುವ ಮುಖಗಳು. ಅಷ್ಟರಲ್ಲಿ ಅವನ ಹೊಟ್ಟೆ ಕುಲುಕಿತು. ನೋಡುತ್ತಿದ್ದಂತೆ ಎದೆ ಕುಲುಕಿತು, ಮೀಸೆ ಕುಲುಕಿತು. ಮಲಗಿದಲ್ಲೇ ಕಾಕಾ ನಗುತ್ತಿದ್ದ; ಎದೆಯ ಮೇಲೆ ಕೂತಿದ್ದ ಸಾಂಗಲಿಯ ಪೈಲವಾನನೂ ಅದರ ಜೊತೆ ಏರಿಳಿಯುತ್ತ ನಗತೊಡಗಿದ.

ಕಾಕಾ ಮನೆಗೆ ಬಂದು ಮೈ ತೊಳೆದುಕೊಂಡಾಗ ಹೊತ್ತು ಇಳಿದಿತ್ತು. ಅಕ್ಕುಬಾಯಿ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಕಾಕು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಆ ಮನೆಯಲ್ಲಿ ಅದು ಮೆಣಸಿನಕಾಯಿಯ ಅಳುವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಾಕಾ ನೆಲಕ್ಕೆ ಉಫ್ ಎಂದು ಊದಿ ಮಣೆಯ ಮೇಲೆ ಕೂತ.

"ಹೊರಗ ಬಾ. ಕಿವಿ ನೋಡು. ಹರದೇತೇನು?"

ಅವಳು ಬಂದು, ಮೂಗು ಒರೆಸಿಕೊಂಡು, ಬಲಗಿವಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಎಡಗಿವಿಯನ್ನೂ ನೋಡಿದಳು.

"ಇಲ್ಲರಿ. ನೋಯತೈತೇನ್ರಿ?"

"ಸ್ವಲ್ಪ" ಎಂದ ಕಾಕಾ. "ಬಡಸು ಈಗ, ಹೊತ್ತು ಮುಳಗತೈತಿ."